ಹೋದ ತಿಂಗಳಲ್ಲೇ ನಿಂತ ಗಡಿಯಾರ

ಆ ಮನೆಯಲ್ಲಿ ಹಣಕಾಸು, ಆಹಾರ, ನೀರು, ದೀಪ ಎಲ್ಲ ಹೆಂಡತಿಯ ಖಾತೆಗಳು. ಕಂಪ್ಯೂಟರಿನ ಬ್ಯಾಕಪ್ ಒಂದೇ ಯಜಮಾನರದು. ಅದನ್ನು ಅವರು ಮಹಾಮಂತ್ರಿಯ ಗತ್ತಿನಲ್ಲಿ ನಡೆಸುತ್ತಿದ್ದರು. ಹೆಂಡತಿ ಕಂಪ್ಯೂಟರಿನಲ್ಲೇ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು. ಮುಂದಿನ ಸೋಮವಾರ ‘ಗೂಬೆ ಮೇಷ್ಟ್ರು’ ಪುಸ್ತಕದ ಮುಖಪುಟ ಕೊಡದಿದ್ದರೆ ಕೆಲಸ ಬೇರೆಯವರ ಪಾಲಾಗುತ್ತಿತ್ತು.

ಹಳೆಯ ಡಿಸ್ಕ್ ಗೊರಗುಟ್ಟತೊಡಗಿದ್ದರಿಂದ ಯಜಮಾನರು ಹೊಸದು ತಂದು ಫೈಲುಗಳನ್ನೆಲ್ಲ ಅದಕ್ಕೆ ಸಾಗಿಸಿದರು. (ಮನೆ ಬದಲಾಯಿಸಿದಾಗಲೂ ಇಷ್ಟು ಬೆವತಿರಲಿಲ್ಲ, ಆಗ ಸಾಮಾನು ಹೊತ್ತವಳು ಹೆಂಡತಿ.) ಬದಲಾದ ಫೈಲುಗಳನ್ನಷ್ಟೇ ನಕಲು ಮಾಡಬೇಕಿದ್ದ ಬ್ಯಾಕಪ್, ಇದ್ದಬದ್ದದ್ದನ್ನೆಲ್ಲ ಮತ್ತೆ ತುಂಬಿಕೊಳ್ಳತೊಡಗಿತು. ಯಜಮಾನರು ಗಾಬರಿಯಿಂದ ಅದನ್ನು ನಿಲ್ಲಿಸಿದರು.

“ನಾನು ಒಂದನ್ನೂ ತಿದ್ದಿಲ್ಲ ಕಣೇ. ಇದಕ್ಕೆ ಎಲ್ಲ ಹೊಸದಾಗಿ ಯಾಕೆ ಕಾಣ್ತಿದೆ?”

“ಸಾಗಿಸಿದ ತಾರೀಖೇ ಎಲ್ಲದರ ಮೇಲೂ ಬಿದ್ದಿದೆ ನೋಡ್ರೀ. ನಮ್ಮ ಮದುವೆ ಫೋಟೋನೂ ಇವತ್ತಿಂದೇ ಅಂತೆ.”

“ಇವತ್ತು ಮದುವೆ ಆಗಿದ್ದಾ ನಾವು?”

“ಇವತ್ತಾಗಿದ್ರೆ ಇನ್ನೊಂದ್ಸಲ ಯೋಚನೆ ಮಾಡ್ತಿದ್ದೆ.”

ಯಜಮಾನರ ತಲೆ ಗಿರ್ರೆಂದಿತು. ಆ ಸುತ್ತಿನಲ್ಲೇ ಒಂದು ಉಪಾಯವೂ ಹೊಳೆಯಿತು. ಕಂಪ್ಯೂಟರಿನ ಗಡಿಯಾರವನ್ನು ಒಂದು ತಿಂಗಳು ಹಿಂದಕ್ಕೆ ತಿರುಗಿಸಿ, ಫೈಲುಗಳನ್ನೆಲ್ಲ ಮತ್ತೊಮ್ಮೆ ಸಾಗಿಸಿದರು. ಈಗ ಎಲ್ಲದರ ಮೇಲೂ ಹಳೆಯ ತಾರೀಖು. ‘ನಾನು ಕೊನೆಯ ಸಲ ನಕಲು ಮಾಡಿದ ದಿನಕ್ಕಿಂತ ಇವೆಲ್ಲ ಹಳೆಯವು’ ಎಂದು ಬ್ಯಾಕಪ್ ತೆಪ್ಪಗಾಯಿತು. ಗಡಿಯಾರವನ್ನು ಮುಂದಕ್ಕೆ ತರುವುದನ್ನು ಮರೆತು, ಯಜಮಾನರು ದಿನಾ ಊಟಕ್ಕೆ ಕೂತಾಗ “ಎಲ್ಲ ಭದ್ರ” ಎಂದು ಸಾರುತ್ತಿದ್ದರು.

ಭಾನುವಾರ ಹೆಂಡತಿ ಕೈತಪ್ಪಿ ಗೂಬೆಯನ್ನು ಅಳಿಸಿಬಿಟ್ಟಳು. ಅವಳಿಗೆ ಅಳುವೇ ಬಂತು.

“ನಿಮ್ಮ ಬ್ಯಾಕಪ್ ತೆಗೀರಿ.”

ತೆಗೆದರು. ಹೋದ ವಾರ ಬರೆದಿದ್ದ ಎರಡು ಕಣ್ಣು, ಒಂದು ಕೊಕ್ಕು ಇದ್ದವು. ಗೂಬೆ ಇರಲಿಲ್ಲ.

“ಮಿಕ್ಕಿದ್ದೆಲ್ರೀ?”

“ಗಡಿಯಾರ ಇನ್ನೂ ಹೋದ ತಿಂಗಳಲ್ಲೇ ಇದೆ ಕಣೇ. ನೀನು ಈ ವಾರ ಬರೆದಿದ್ದೆಲ್ಲ ಅದರ ಲೆಕ್ಕಕ್ಕೆ ಹಳೇದು. ಅದಕ್ಕೇ ತಗೊಂಡಿಲ್ಲ.”

“ನಾಳೆ ಕೊಡೋ ಚಿತ್ರ ಹೋದ ತಿಂಗಳೇ ಹಳೇದಾಯ್ತಾ?”

ಯಜಮಾನರು ಬೆರಳು ಮಡಚಿ ಲೆಕ್ಕ ಹಾಕಿದರು. ಬಿಚ್ಚಿ ಮತ್ತೆ ಹಾಕಿದರು. ಕೊನೆಗೆ ಇವತ್ತು ಯಾವ ವಾರವೆಂಬುದೇ ಅವರಿಗೆ ಅನುಮಾನವಾಯಿತು.

ಹೆಂಡತಿ ಅವರ ಮುಖವನ್ನೇ ದಿಟ್ಟಿಸಿದಳು. “ಹಾಗೇ ಕೂತಿರಿ. ಅಲ್ಲಾಡಬೇಡಿ” ಎಂದಳು. ಶಿಕ್ಷೆಯೆಂದುಕೊಂಡು ಸಂಜೆಯವರೆಗೂ ಕೂತರು.

ಸೋಮವಾರ ಪ್ರಕಾಶಕರ ಫೋನು ಬಂತು. “ಗೂಬೆ ಅದ್ಭುತವಾಗಿದೆ ಮೇಡಂ. ಎಲ್ಲ ಗೊತ್ತು ಅನ್ನೋ ಗತ್ತೂ ಇದೆ, ಏನೂ ಗೊತ್ತಿಲ್ಲ ಅನ್ನೋ ಗಾಬರಿನೂ ಇದೆ. ಇಂಥ ಮುಖ ಎಲ್ಲಿ ಸಿಕ್ಕಿತು?”

“ಮನೇಲೇ ಇತ್ತು ಸರ್.”

ಯಜಮಾನರು ಚಿತ್ರವನ್ನು ಕನ್ನಡಿಯ ಪಕ್ಕ ಹಿಡಿದು ಬಹಳ ಹೊತ್ತು ಪರಿಶೀಲಿಸಿದರು. ಕೊಕ್ಕು ಮಾತ್ರ ಸ್ವಲ್ಪ ಅತಿಯಾಯಿತೆನಿಸಿತು.