ಬಿಸಿ ವಾಲ್ವುಗಳೂ ನನ್ನ ಮಾನವೂ

ರಿಪೇರಿ ಕೆಲಸ ಹಿಡಿದವರ ಮಾನ ಆಗಾಗ ಹೋಗುತ್ತಲೇ ಇರುತ್ತದೆ. ನನ್ನದು ಹೋದಾಗಲೆಲ್ಲ ನಾಲ್ಕು ಜನರ ಎದುರಿಗೇ ಹೋಗಿದೆ. ನಾನು ಭಾಲ್ಕಿಯವಳು. ಬೀದರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಮದುವೆಯಾಗಿ ನಾಸಿಕ್ ರೋಡಿಗೆ ಬಂದೆ. ಮನೆಯ ಮುಂದಿನ ಕೋಣೆಯಲ್ಲಿ ಗಿಟಾರ್ ಆ್ಯಂಪ್ಲಿಫೈಯರ್ ರಿಪೇರಿ ಮಾಡುತ್ತೇನೆ. ಹಳೇ ರೇಡಿಯೊದಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವುಗಳು ಇವುಗಳಲ್ಲಿ ಇನ್ನೂ ಇವೆ. ವಾಲ್ವ್ ಬಿಸಿಯಾಗುವುದು ಸಹಜ, ಒಳಗಿನ ತಂತಿ ಕಿತ್ತಳೆ ಬಣ್ಣಕ್ಕೆ ಹೊಳೆಯುವುದೂ ಸರಿ. ಆದರೆ ತಂತಿಯ ಸುತ್ತಲಿನ ತಗಡು ಕಾದ ಹಂಚಿನಂತೆ ಕೆಂಪಗಾದರೆ ವಾಲ್ವಿನ ಆಯುಷ್ಯ ಮುಗಿಯಿತೆಂದೇ ಲೆಕ್ಕ. ಆ ಕೆಂಪು ಎಲ್ಲಿಂದ ಬಂತು ಅಂತ ಹುಡುಕುವುದೇ ನನ್ನ ಕಸುಬು. ಹುಡುಕುವಾಗ ಆದದ್ದನ್ನು ಹೇಳುತ್ತೇನೆ. ನೀವು ನಕ್ಕುಬಿಡಿ; ನನಗೆ ಇನ್ನೂ ನಗಲಿಕ್ಕೆ ಬಂದಿಲ್ಲ.

ಟಿಕಲಿ

ಒಬ್ಬ ಗಿಟಾರ್ ಮಾಸ್ತರರು ತಮ್ಮ ಆ್ಯಂಪ್ಲಿಫೈಯರ್ ತಂದಿಟ್ಟರು. ಎರಡು ವಾಲ್ವುಗಳಲ್ಲಿ ಒಂದು ಕೆಂಪಗಾಗುತ್ತಿತ್ತು. ಇದಕ್ಕೊಂದು ಸುಲಭ ಪರೀಕ್ಷೆ ಇದೆ. ಎರಡನ್ನೂ ಅದಲು ಬದಲು ಮಾಡಿ ಹಾಕಬೇಕು. ಕೆಂಪು ವಾಲ್ವಿನ ಜೊತೆಗೇ ಹೋದರೆ ವಾಲ್ವ್ ಕೆಟ್ಟಿದೆ. ಇದ್ದ ಜಾಗದಲ್ಲೇ ಉಳಿದರೆ ಒಳಗಡೆ ಬೇರೇನೋ ಕೆಟ್ಟಿದೆ. ಯಾವುದು ಯಾವುದೆಂದು ಗುರುತಿಗೆ ಪೆನ್ ಸಿಗಲಿಲ್ಲ. ಹಣೆಯ ಮೇಲಿನ ಟಿಕಲಿ ತೆಗೆದು ಒಂದು ವಾಲ್ವಿಗೆ ಅಂಟಿಸಿದೆ.

ಸ್ವಿಚ್ ಹಾಕಿ ಐದು ನಿಮಿಷ ಆಗಿರಲಿಲ್ಲ, ಸುಟ್ಟ ವಾಸನೆ ಬಂತು. ಟ್ರಾನ್ಸ್‌ಫಾರ್ಮರ್ ಹೋಯಿತು ಅಂದುಕೊಂಡೆ. ಅದನ್ನು ಬಿಚ್ಚಿ ಎರಡು ದಿನ ಪರೀಕ್ಷೆ ಮಾಡಿದೆ. ಏನೂ ಸಿಗಲಿಲ್ಲ. ಮೂರನೇ ದಿನ ಮಾಸ್ತರರು ಬಂದಾಗ, ಟ್ರಾನ್ಸ್‌ಫಾರ್ಮರ್ ಬದಲಿಸಬೇಕಾದೀತು ಎಂದು ಗಂಭೀರವಾಗಿ ಹೇಳಿದೆ. ಅವರು ಬಗ್ಗಿ ವಾಲ್ವ್ ನೋಡಿ, ಗಾಜಿಗೆ ಅಂಟಿದ್ದ ಕಪ್ಪು ಚೂರನ್ನು ಉಗುರಿನಿಂದ ಕೆರೆದು ಅಂಗೈ ಮೇಲಿಟ್ಟುಕೊಂಡರು.

"ಮೇಡಂ, ಇದೇನ್ರಿ ಸುಟ್ಟದ್ದು?"

ನಾನು ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದ ಅತ್ತೆ ಮುಂದೆ ಬಂದು ನೋಡಿದರು. "ಟಿಕಲಿ ಇಲ್ಲಿ ಅದ ಏನು? ನನ್ನ ಮಗ ಗುಂಡುಕಲ್ಲಿನಂಗ ಕುಂತು ಚಹಾ ಕುಡಿಲತ್ತಾನ, ಈಕಿ ಹಣಿ ಯಾಕ ಬೋಳು ಬಿಟ್ಟಾಳಂತ ಮೊನ್ನಿ ದಿನಪೂರಾ ವಿಚಾರ ಮಾಡೀನಿ."

ನಿಫಾಡಿನ ದ್ರಾಕ್ಷಿ

ನಿಫಾಡಿನ ದ್ರಾಕ್ಷಿ ತೋಟದವರೊಬ್ಬರು ವಾಲ್ವ್ ಬಹಳ ಕಾಯುತ್ತದೆ ಅಂತ ಕರೆಸಿದರು. ನೋಡಿದೆ, ಕೆಂಪೇನೂ ಇರಲಿಲ್ಲ. "ಇಷ್ಟು ಬಿಸಿ ಇರೋದೇ. ಹೆದರಬ್ಯಾಡ್ರಿ" ಅಂತ ಧೈರ್ಯ ಹೇಳುತ್ತ, ಮಾತಿನ ಭರದಲ್ಲಿ ಎರಡು ಬೆರಳಿನಿಂದ ವಾಲ್ವನ್ನೇ ಹಿಡಿದು ತೋರಿಸಿದೆ. ಚುರ್ ಅಂದಿತು. ಕೂಗಿಕೊಂಡರೆ ಮರ್ಯಾದೆ ಏನು ಉಳಿಯಿತು? ಪಕ್ಕದಲ್ಲಿ ತಣ್ಣೀರು ಹಾಕಿಟ್ಟ ದ್ರಾಕ್ಷಿಯ ಪಾತ್ರೆ ಇತ್ತು. ಹಣ್ಣು ಆರಿಸುವವಳಂತೆ ಅದರೊಳಗೆ ಕೈ ಇಳಿಬಿಟ್ಟೆ. ಕೈ ತೆಗೆದರೆ ಉರಿ, ಮತ್ತೆ ಇಳಿಬಿಡುವುದು. ಸುಮ್ಮನೆ ಕೂತರೆ ಚೆನ್ನಾಗಿರುವುದಿಲ್ಲವೆಂದು ಒಂದೊಂದೇ ಹಣ್ಣು ಬಾಯಿಗೆ ಹಾಕಿಕೊಳ್ಳುತ್ತ ಅರ್ಧ ಪಾತ್ರೆ ಮುಗಿಸಿದೆ.

ತೋಟದವರು ಹೆಂಡತಿಗೆ ಮರಾಠಿಯಲ್ಲಿ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು: "ಪಾಪ, ಮನೆಯಲ್ಲಿ ಹಣ್ಣು ತಿನ್ನಲಿಕ್ಕೆ ಕೊಡುವುದಿಲ್ಲವೋ ಏನೋ. ಒಂದು ಪೆಟ್ಟಿಗೆ ಕಟ್ಟಿಕೊಡು."

ಫೋನಿನಲ್ಲಿ

ವಾಲ್ವಿನಲ್ಲಿ ಕರೆಂಟು ಮಿತಿಮೀರದಂತೆ ತಡೆದು ಹಿಡಿಯುವ ವೋಲ್ಟೇಜಿಗೆ ಬಯಾಸ್ ಅನ್ನುತ್ತಾರೆ. ಇಲ್ಲಿಯವರ ಬಾಯಲ್ಲಿ ಅದು 'ಬಾಯಸ್'. ಮರಾಠಿಯಲ್ಲಿ ಹೆಂಡತಿಗೆ 'ಬಾಯ್ಕೋ' ಅನ್ನುತ್ತಾರೆ. ಇವೆರಡರ ನಡುವೆ ಎಷ್ಟು ಕಡಿಮೆ ಅಂತರ ಇದೆ ಅನ್ನುವುದು ಸಿಲ್ಲೋಡಿನ ಹತ್ತಿ ವ್ಯಾಪಾರಿಯೊಬ್ಬರು ಫೋನ್ ಮಾಡುವತನಕ ನನಗೆ ಹೊಳೆದಿರಲಿಲ್ಲ.

ಅವರ ಆ್ಯಂಪ್ಲಿಫೈಯರ್ ನನ್ನ ಟೇಬಲ್ ಮೇಲಿತ್ತು. ಏನಾಗಿದೆ ಅಂತ ಕೇಳಿದರು. ಲೈನು ತುಂಡು ತುಂಡಾಗಿ ಬರುತ್ತಿದ್ದುದರಿಂದ ನಾನು ದೊಡ್ಡ ದನಿಯಲ್ಲಿ ಮರಾಠಿಯಲ್ಲಿ ಹೇಳಿದೆ: "ಬಾಯಸ್ ಸರಿ ಇಲ್ಲ. ಅದಕ್ಕೇ ಇಷ್ಟು ಬಿಸಿ. ನಾಲ್ಕು ದಿನ ನನ್ನ ಹತ್ತಿರ ಬಿಡಿ, ನೆಟ್ಟಗೆ ಮಾಡಿ ಕಳಿಸುತ್ತೇನೆ."

ಆ ಕಡೆಯಿಂದ ಒಂದು ಹೆಣ್ಣುದನಿ ನಿಧಾನವಾಗಿ ಕೇಳಿತು: "ಫೋನು ಸ್ಪೀಕರ್ ಮೇಲಿದೆ ತಾಯಿ. ಬಟ್ಟೆ ಎಷ್ಟು ಜೊತೆ ತರಲಿ?"

ಹೋಳಿಗೆಯ ದಿನ

ಇದನ್ನು ಹೇಳಬಾರದು ಅಂತಿದ್ದೆ. ಛತ್ರಪತಿ ಸಂಭಾಜಿನಗರದಲ್ಲಿ ಕಲಬುರಗಿ ಕಡೆಯ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ ಇದ್ದಾರೆ. ಕಾಕಾ ಅನ್ನುತ್ತೇನೆ, ಅವರ ಹೆಂಡತಿಗೆ ಕಾಕು. ಅವರ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಹುಡುಗನ ತಂದೆಗೂ ಗಿಟಾರ್ ಹುಚ್ಚಂತೆ. ಕಾಕಾಗೆ ಅವರ ಮುಂದೆ ನುಡಿಸುವ ಆಸೆ. ಆ್ಯಂಪ್ಲಿಫೈಯರ್ ನೋಡಲು ಕರೆಸಿದರು, ನಾನು ಬೆಳಗಿನ ಬಸ್ಸಿಗೆ ಹೋದೆ.

"ಹಚ್ಚಿದ ಕೂಡ್ಲೆ ಛಲೋ ಇರ್ತದ್ರಿ. ಹತ್ತಿಪ್ಪತ್ತು ನಿಮಿಷ ಆದ ಮ್ಯಾಲ ಕೆಂಪಾಗ್ತದ" ಅಂದರು ಕಾಕಾ.

ಐದು ನಿಮಿಷ ನೋಡಿದೆ. ವೋಲ್ಟೇಜ್ ಎಲ್ಲ ಸರಿ ಇತ್ತು. "ಏನಿಲ್ರಿ ಕಾಕಾ. ಒಳಗಿನ ತಂತಿ ಹೊಳಿಯೂದು ನೋಡಿ ಹೆದರೀರಿ" ಅಂದುಬಿಟ್ಟೆ. ಕಾಕು ಹೋಳಿಗೆ ಮಾಡುತ್ತಿದ್ದರು, ಉಂಡೇ ಹೋಗಬೇಕೆಂದು ಕೂರಿಸಿದರು.

ಗಂಡಿನವರು ಬಂದರು. ಕಾಕಾ ಗಿಟಾರ್ ಹಿಡಿದರು. ಸ್ವಲ್ಪ ಹೊತ್ತಿನಲ್ಲಿ ಏನೋ ಸುಟ್ಟ ವಾಸನೆ ಬಂತು. ಕಾಕಾ ಕೈ ನಿಲ್ಲಿಸಿ ನನ್ನ ಕಡೆ ನೋಡಿದರು. ಎಲ್ಲರೂ ನೋಡಿದರು. ನಾನು ಮೂಗೆಳೆದು, ಪರಿಣತಳ ಗತ್ತಿನಲ್ಲಿ ಹೇಳಿದೆ: "ಇದು ಆ್ಯಂಪ್ಲಿಫೈಯರಿನ ವಾಸನಿ ಅಲ್ರಿ. ಒಳಗ ಹೋಳಿಗಿ ಹೊತ್ತಾವ."

ಕಾಕು ಮುಖ ಬಿಳಿಚಿತು. ಹುಡುಗನ ತಾಯಿ ತಮ್ಮ ಗಂಡನ ಮುಖ ನೋಡಿದರು. ಕಾಕು, ಮಗಳು, ಗಿಟಾರ್ ಕೆಳಗಿಟ್ಟು ಕಾಕಾ, ಎಲ್ಲರೂ ಅಡುಗೆಮನೆಗೆ ಓಡಿದರು. ಗ್ಯಾಸ್ ಆರಿಸಿ ಅರ್ಧ ತಾಸಾಗಿತ್ತು.

ಅಷ್ಟರಲ್ಲಿ ಹುಡುಗನ ತಂದೆ ಎದ್ದು ಆ್ಯಂಪ್ಲಿಫೈಯರಿನ ಹಿಂದೆ ಇಣುಕಿದರು. "ಇಲ್ಲಿ ಎರಡೂ ನಿಗಿನಿಗಿ ಕೆಂಡ ಆಗ್ಯಾವಲ್ರಿ ತಂಗಿ" ಅಂದರು. ಓಡಿಹೋಗಿ ಪ್ಲಗ್ ಕಿತ್ತೆ. ಹೊಗೆ ಮೆಲ್ಲಗೆ ಮೇಲೇಳುತ್ತಿತ್ತು. ಭೂಮಿ ಬಾಯಿ ತೆರೆದರೆ ಇಳಿದುಹೋಗುವ ಹಾಗಿತ್ತು ನನ್ನ ಸ್ಥಿತಿ. ಬಿಚ್ಚಿ ನೋಡಿದರೆ, ಕೆಟ್ಟದ್ದು ಒಳಗಿನ ಒಂದು ಕೆಪಾಸಿಟರ್, ತಣ್ಣಗಿದ್ದಾಗ ಸಾಧು, ಕಾದ ಮೇಲೆ ವೋಲ್ಟೇಜ್ ಸೋರಿಸುವಂಥದ್ದು. ಕಾಕಾ ಹೇಳಿದ್ದು ಅಕ್ಷರಶಃ ನಿಜ. ಗಂಡಿನವರ ಮುಂದೆಯೇ ನೆಲದ ಮೇಲೆ ಕೂತು ಅದನ್ನೂ ವಾಲ್ವುಗಳನ್ನೂ ಬದಲಿಸಿದೆ. ಮುಕ್ಕಾಲು ತಾಸು ನುಡಿಸಿದರೂ ಕೆಂಪಾಗಲಿಲ್ಲ. ಹುಡುಗನ ತಂದೆಯೂ ಒಂದು ಕೈ ನೋಡಿದರು. ಸಂಬಂಧ ಕೂಡಿತು.

ತಪ್ಪಾಯಿತು ಅನ್ನಲು ಅಡುಗೆಮನೆಗೆ ಹೋದೆ. ಕಾಕು ತಟ್ಟೆಗೆ ಎರಡು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದು ನನ್ನ ಕೈಗೆ ಕೊಟ್ಟರು.

"ಹೊತ್ತಿದ್ದು ನಿಮ್ಮ ಅಡಿಗಿ, ಕೆಟ್ಟ ಹೆಸರು ಬಂದದ್ದು ನನ್ನ ಒಲಿಗಿ. ಇರಲಿ, ತಿನ್ರಿ."