ಟೈಟಾನಿಯಂ ಸೈಲೆನ್ಸರಿಗೆ ಹುಳಗಳ ಒಪ್ಪಿಗೆ

ಮಾಗಡೀಲಿ ಸೈಲೆನ್ಸರ್ ಅಂಗಡಿ ಇಟ್ಕೊಂಡೋನ ಹತ್ರ ತಲೆ ಕೆಡೋ ಸಮಾಚಾರಗಳು ತಾವಾಗೇ ಬರ್ತವೆ. ಇಷ್ಟು ವರ್ಷ ಎಲ್ರೂ ಬರ್ತಿದ್ದದ್ದು ಗಾಡಿ ಸದ್ದು ಕಮ್ಮಿ ಮಾಡ್ಸೋಕೆ. ಹೋದ ವರ್ಷ ಒಬ್ಬ ಬಂದು ಜಾಸ್ತಿ ಮಾಡ್ಕೊಡಿ ಅಂದ. ಅವತ್ತಿಂದ ನನಗೆ ನನ್ನ ಕಸುಬೇ ಅರ್ಥ ಆಗ್ತಿಲ್ಲ.

೧. ಅಯಸ್ಕಾಂತ

ಬಂದೋನು ಸಾವನದುರ್ಗದ ಹತ್ರದ ರೇಷ್ಮೆ ಬೆಳೆಗಾರ. ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು, ಸೆಕೆಂಡ್ ಹ್ಯಾಂಡು, ಡಿಕ್ಕಿ ತುಂಬ ಹಿಪ್ಪುನೇರಳೆ ಸೊಪ್ಪು. ಇದಕ್ಕೆ ಟೈಟಾನಿಯಂ ಸೈಲೆನ್ಸರ್ ಹಾಕಿಸ್ಬೇಕು, ಯಾವುದು ಒಳ್ಳೇದು ಹೇಳಿ ಅಂದ. ನಾನು ಟೈಟಾನಿಯಂ ಅನ್ನೋ ಹೆಸರು ಕೇಳಿದ್ದು ಕಾಲಿಗೆ ರಾಡ್ ಹಾಕಿಸ್ಕೊಂಡ ನಮ್ಮತ್ತೆ ಬಾಯಲ್ಲಿ ಮಾತ್ರ. ಗೊತ್ತಿಲ್ಲ ಅನ್ನೋಕೆ ಮರ್ಯಾದೆ ಬಿಡ್ಲಿಲ್ಲ. ಅಯಸ್ಕಾಂತ ಅಂಟ್ಲಿಲ್ಲ ಅಂದ್ರೆ ಅಸಲಿ ಟೈಟಾನಿಯಂ ಅಂದ್ಬುಟ್ಟೆ.

ಮಾರನೇ ದಿನ ಬೆಳಿಗ್ಗೇನೇ ಫೋನ್ ಮಾಡಿದ. "ಅಣ್ಣ, ನಮ್ಮಮ್ಮನ ಇಡ್ಲಿ ಪಾತ್ರೆಗೂ ಅಂಟ್ತಿಲ್ಲ. ಅದನ್ನೇ ಹಾಕ್ಬೋದಾ?"

೨. ತಲೆ ಎತ್ತಿದ ಹುಳ

ಕೊನೆಗೆ ಎಲ್ಲಿಂದಲೋ ಎರಡು ಪೈಪು ತರಿಸಿದ. ಒಂದು ಮೆತ್ತಗೆ ಗೊಣಗೋದು, ಇನ್ನೊಂದು ಊರಿಗೇ ಸಾರೋದು. ಅವನ ಕಣ್ಣು ಜೋರಿನದರ ಮೇಲೆ. ಆದ್ರೆ ಅವರಮ್ಮ ಷರತ್ತು ಹಾಕಿದ್ರು: ಸದ್ದಿಗೆ ಹುಳ ಬೆದರಿದ್ರೆ ಪೈಪಲ್ಲ, ಕಾರೇ ಮಾರ್ಬೇಕು.

ಸರಿ, ಹುಳದ ಮನೆ ಪಕ್ಕದಲ್ಲೇ ಪರೀಕ್ಷೆ. ಅವರಮ್ಮ ಬಾಗಿಲಲ್ಲಿ ನನ್ನ ಕೈಕಾಲು ತೊಳೆಸಿ ಒಳಗೆ ಬಿಟ್ರು. ಅವನು ಹೊರಗೆ ಎಂಜಿನ್ ಶುರು ಮಾಡಿದ, ಮೇಲಿನ ತಗಡೆಲ್ಲ ಅದುರ್ತು. ತಟ್ಟೇಲಿ ನೋಡ್ತೀನಿ, ಅಷ್ಟೂ ಹುಳ ತಲೆ ಎತ್ಕೊಂಡು ಕೂತವೆ! ಮುಗೀತು ಇವನ ಕಾರಿನ ಕತೆ ಅಂದ್ಕೊಂಡೆ. ಎಲ್ಲಾ ಎದ್ಬುಟ್ವು ಕಣಮ್ಮ ಅಂದೆ.

ಅವರು ನನ್ನ ಮೇಲಿಂದ ಕೆಳಗೆ ನೋಡಿದ್ರು. "ಪೊರೆ ಬಿಡೋ ಮುಂಚೆ ಹುಳ ತಲೆ ಎತ್ಕಂಡೇ ನಿದ್ದೆ ಮಾಡ್ತವೆ. ಇಲ್ಲಿ ಬೆದರಿರೋನು ನೀನೊಬ್ನೇ."

೩. ಎಸರು

ಜೋರಿನದೇ ಪಾಸಾಯ್ತು. ಹದಿನೈದು ದಿನ ಆಗಿರ್ಲಿಲ್ಲ, ಅವನೇ ಮುಖ ಜೋಲು ಹಾಕ್ಕೊಂಡು ಬಂದ. ಇದನ್ನ ಬಿಚ್ಚಿ ಹಳೇದೇ ಹಾಕಿ ಅಂದ. ನನಗೆ ಮತ್ತೆ ತಲೆಬುಡ ತಿಳೀಲಿಲ್ಲ.

ಆಗಿದ್ದಿಷ್ಟು. ಕ್ರಾಸಲ್ಲಿ ಕಾರಿನ ಸದ್ದು ಕೇಳಿದ ತಕ್ಷಣ ಅವರಮ್ಮ ಮುದ್ದೆಗೆ ಎಸರಿಡೋದು ರೂಢಿ ಮಾಡ್ಕೊಂಡಿದ್ರಂತೆ. ಮನೆ ಮುಟ್ಟೋ ಹೊತ್ತಿಗೆ ಮುದ್ದೆ ಬಿಸಿಬಿಸಿ, ಅವನಿಗೂ ಖುಷಿ. ಆದ್ರೆ ಸೋಮವಾರ ಆ ಮನೇಲಿ ಬರೀ ಸೊಪ್ಪಿನ ಸಾರು. ಇವನು ಕ್ರಾಸಿನ ಮಿಲಿಟರಿ ಹೋಟ್ಲು ಮುಂದೆ ನಿಲ್ಸಿ, ಬಾಡೂಟ ತಿಂದು, ಏನೂ ಗೊತ್ತಿಲ್ದೋನ ಥರ ಮನೆಗೆ ಹೋಗವ್ನೆ. ಸದ್ದು ಅರ್ಧ ಗಂಟೆ ಎಲ್ಲಿಗೋಗಿತ್ತು ಅಂತ ಅವರಮ್ಮ ಬಾಗಿಲಲ್ಲೇ ಕೇಳಿ, ಬಲಗೈ ಮೂಸಿ ನೋಡಿದ್ರಂತೆ.

ಪಾಪ ಅನ್ನಿಸ್ತು. ಸ್ಪ್ಯಾನರ್ ಕೈಗೆ ತಗೊಂಡೆ. ಅಷ್ಟ್ರಲ್ಲಿ ತಮ್ಮ ಯಜಮಾನರ ಹಳೇ ಮೊಪೆಡ್ ಹಿಂದೆ ಕೂತು ಅವರಮ್ಮನೇ ಬಂದಿಳಿದ್ರು. ಮಗನ ಕಾರಿನ ಪೈಪು ಮುಟ್ಟಿದ್ರೆ ನೋಡು ಅಂದ್ರು. ನಾನು ಸ್ಪ್ಯಾನರ್ ಕೆಳಗಿಟ್ಟೆ, ಮಗ ತಲೆ ತಗ್ಗಿಸ್ದ, ಯಜಮಾನರು ಮಾತ್ರ ಮಗನ್ನ ನೋಡಿ ಮೀಸೇಲೇ ನಗ್ತಿದ್ರು.

ಆಯಮ್ಮ ಮೊಪೆಡ್ ಕಡೆ ಕೈ ತೋರ್ಸಿದ್ರು. "ಸೋಮವಾರ ಇವ್ರಿಗೂ ಮನೆ ಊಟ ಸೇರಾಕಿಲ್ಲ. ಇದಕ್ಕೂ ಒಂದು ಟೈಟಾನಿಯಂ ಹಾಕು. ಜೋರಿಂದೇ ಇರ್ಲಿ."