ಸಮುದ್ರ ಕಾಣುವ ಕಿಟಕಿ

ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವವನು ಲೋಕವನ್ನೆಲ್ಲ ಸುತ್ತಿ ಬಂದಿರುತ್ತಾನೆ ಎಂದು ನೀವು ಅಂದುಕೊಂಡಿದ್ದರೆ ಈಗಲೇ ಆ ಭ್ರಮೆ ಬಿಟ್ಟುಬಿಡಿ. ಬೆಳಗಾದರೆ ಸಾಕು, ಕಂಡವರನ್ನೆಲ್ಲ ಬೆಟ್ಟಕ್ಕೆ, ಮರುಭೂಮಿಗೆ, ಸಮುದ್ರತೀರಕ್ಕೆ ಕಳಿಸಿಕೊಡುವ ನಾನು ಸಂಜೆ ಖಾಲಿ ಊಟದ ಡಬ್ಬಿ ಹಿಡಿದುಕೊಂಡು ಮನೆಗೆ ಬರುತ್ತೇನೆ. ಸಮುದ್ರವನ್ನು ನಾನು ಕಂಡವನೇ ಅಲ್ಲ. ಅದು ಇದೆ ಎಂಬ ನಂಬಿಕೆಯ ಮೇಲೆ ಟಿಕೆಟ್ ಕೊಡುತ್ತಿದ್ದೇನೆ. (ಹೋಗಿ ಬಂದವರು ಯಾರೂ ಜಗಳಕ್ಕೆ ಬಂದಿಲ್ಲ, ಆದ್ದರಿಂದ ಇರಬೇಕು.)

ನನ್ನ ಕೌಂಟರಿನ ಎದುರುಗೋಡೆಗೆ ಯಾರೋ ಪುಣ್ಯಾತ್ಮರು ಪ್ರವಾಸದ ದೊಡ್ಡ ದೊಡ್ಡ ಚಿತ್ರಗಳನ್ನು ಅಂಟಿಸಿದ್ದಾರೆ. ಒಂದರಲ್ಲಿ ಅರಮನೆಯ ಕಂಬಗಳು, ಒಂದರಲ್ಲಿ ಬೆಟ್ಟದ ಮೇಲಿನ ಹೆಂಚಿನ ಬಂಗಲೆ, ಒಂದರಲ್ಲಿ ಗುಮ್ಮಟ. ಕೊನೆಯದರಲ್ಲಿ ಒಂದು ಬಿಳಿಯ ಹಡಗು, ಅದಕ್ಕೆ ಸಾಲಾಗಿ ದುಂಡು ಕಿಟಕಿಗಳು. ಸಾಲಿನಲ್ಲಿ ನಿಂತವರು ತಮ್ಮತಮ್ಮಲ್ಲೇ ಜಗಳಕ್ಕೆ ಬಿದ್ದಾಗ ನಾನು ಆ ಕಿಟಕಿಯೊಂದರ ಹಿಂದೆ ಹೋಗಿ ಕೂರುತ್ತೇನೆ. ಅಲೆ ಬರುತ್ತದೆ, ಹೋಗುತ್ತದೆ, ತಣ್ಣಗೆ ಗಾಳಿ ಬೀಸುತ್ತದೆ. "ರೀ ಸ್ವಾಮಿ, ನಿದ್ದೇನಾ?" ಎಂದು ಯಾರಾದರೂ ಗಾಜು ಬಡಿದಾಗ ವಾಪಸು ಬರುತ್ತೇನೆ.

ಹೀಗಿರುವಾಗ ನಮ್ಮ ಮನೆಯ ಮುಂಗೋಡೆಯ ಗಾರೆ ಉದುರತೊಡಗಿತು.

"ಗಾರೆ ಮೆತ್ತಿಸಿ, ಬಿಳಿ ಬಣ್ಣ ಹೊಡೆಸಿ. ಹಾಗೇ ಬಟ್ಟೆ ಒಣಹಾಕೋಕೆ ಒಂದು ತಂತಿ ಕಟ್ಟಿಸಿಬಿಡಿ. ಮುಗೀತು," ಎಂದಳು ನನ್ನ ಹೆಂಡತಿ. ಅವಳಿಗೆ ಪ್ರಪಂಚದಲ್ಲಿ ಎಲ್ಲವೂ ಹೀಗೆ ಮುಗಿದುಹೋಗುತ್ತದೆ.

"ಬಿಳಿ ಗೋಡೆಯನ್ನ ಯಾರು ನೋಡ್ತಾರೆ? ನಾವಂತೂ ಯಾವ ಊರಿಗೂ ಹೋಗಲಿಲ್ಲ. ಊರುಗಳೇ ನಮ್ಮ ಮನೆ ಮುಂದಕ್ಕೆ ಬರಲಿ ಅಂತ ನನ್ನ ಆಸೆ."

"ಬರಲಿ. ಅಷ್ಟು ಜನಕ್ಕೆ ಅಡುಗೆ ಯಾರು ಮಾಡೋದು?"

ನಾನು ನನ್ನ ಸರ್ವಶೈಲಿ ಸಮನ್ವಯ ಸಿದ್ಧಾಂತವನ್ನು ವಿವರಿಸಿದೆ. ಒಂದೇ ಮುಂಗೋಡೆಯಲ್ಲಿ ಅರಮನೆ, ಬೆಟ್ಟ, ಗುಮ್ಮಟ, ಸಮುದ್ರ. ಅವಳು ಪೂರ್ತಿ ಕೇಳಿದಳು. (ಅವಳು ಪೂರ್ತಿ ಕೇಳಿದಳೆಂದರೆ ಶಿಕ್ಷೆ ಆಗಲೇ ಬರೆದಾಗಿದೆ ಎಂದರ್ಥ.)

"ಆಯ್ತು, ಕಟ್ಟಿಸಿ. ಆದ್ರೆ ನಮ್ಮಣ್ಣ ರಜಕ್ಕೆ ಬರೋದ್ರೊಳಗೆ ದಾರೀಲಿ ಹೋಗೋರು ಒಬ್ಬರಾದ್ರೂ ನಿಂತು ಚೆನ್ನಾಗಿದೆ ಅನ್ನಬೇಕು. ಇಲ್ಲಾಂದ್ರೆ ಎಲ್ಲಾ ಒಡೆಸಿ ಬಿಳಿ ಬಣ್ಣ ಹೊಡೆಸೋದೇ."

ಒಪ್ಪಿಕೊಂಡೆ. ಒಬ್ಬರೇನು, ಊರಿಗೆ ಊರೇ ನಿಲ್ಲುತ್ತದೆ ಎಂಬ ಧೈರ್ಯ ನನಗೆ.

ಮೇಸ್ತ್ರಿ ಬಂದ. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ನಾನು ಬರೆದಿದ್ದ ನಕ್ಷೆಯನ್ನು ಆ ಕಡೆ ತಿರುಗಿಸಿ, ಈ ಕಡೆ ತಿರುಗಿಸಿ ನೋಡಿದ.

"ಸಾರ್, ಈ ಗುಮ್ಮಟದ ಕೆಳಗೆ ಏನಿದೆ?"

"ಗೊತ್ತಿಲ್ಲ."

"ಈ ಕಂಬಗಳು ಯಾವುದರ ಮೇಲೆ ನಿಂತಿವೆ?"

"ಅದೂ ಗೊತ್ತಿಲ್ಲ ಕಣಪ್ಪ. ಚಿತ್ರದ ಆ ಭಾಗಕ್ಕೆ ಯಾವಾಗಲೂ ಸಾಲಿನ ಜನ ಅಡ್ಡ ನಿಂತಿರ್ತಾರೆ."

ಮೇಸ್ತ್ರಿ ದಿಕ್ಕು ತೋಚದೆ ನನ್ನ ಹೆಂಡತಿಯ ಮುಖ ನೋಡಿದ. "ಅವರಿಗೆ ಎಲ್ಲಾ ಊರೂ ಜನರ ತಲೆಯಿಂದ ಮೇಲಕ್ಕೆ ಮಾತ್ರ ಗೊತ್ತು ಮೇಸ್ತ್ರಿ. ಕೆಳಗಿಂದು ಇನ್ನೂ ಕನಸಲ್ಲಿ ಬಿದ್ದಿಲ್ಲ," ಎಂದಳು ಅವಳು.

ಮಾತು ನಾಟಿತು. ಆ ಸಂಜೆಯೇ ಮನೆಯೆದುರಿನ ಮರಳುಗುಡ್ಡೆಯ ಮೇಲೆ ಕೂತೆ. ಬಿಸಿಲು ಇಳಿದು ಬೀದಿಯೆಲ್ಲ ತೆಳುವಾದ ಹಳದಿಯಾಗಿತ್ತು. ಕಣ್ಣು ಅರೆಮುಚ್ಚಿಕೊಂಡು ಹಡಗನ್ನು ನೆನೆದೆ. ಪೆನ್ಸಿಲು ತಾನಾಗಿಯೇ ಓಡಿತು. ಬಾಗಿಲ ಪಕ್ಕದಲ್ಲಿ ಬೀದಿಗೆ ಮುಖ ಮಾಡಿದ ದುಂಡು ಕಿಟಕಿ. ಒಳಗೆ ಕೂತರೆ ಮೊಣಕೈ ಊರಲು ಒಂದು ಹಲಗೆ. ಗಾಜಿನ ಬುಡದಲ್ಲಿ ಅಂಗೈ ಹಿಡಿಸುವಷ್ಟು ಅರ್ಧಚಂದ್ರದ ಸಂದು. ಹೊರಗೆ ಗೇಟಿನಿಂದ ಕಿಟಕಿಯವರೆಗೂ ಅಕ್ಕಪಕ್ಕ ಸೊಂಟದೆತ್ತರಕ್ಕೆ ಎರಡು ಕಬ್ಬಿಣದ ಕೊಳವೆ.

"ಸಂದು ಯಾಕೆ ಸಾರ್?" ಎಂದ ಮೇಸ್ತ್ರಿ.

"ಸಮುದ್ರದ ಗಾಳಿಗೆ."

"ಕೊಳವೆ?"

"ಬಳ್ಳಿ ಹಬ್ಬೋಕೆ."

ನನ್ನ ಹೆಂಡತಿ ನಕ್ಷೆಯನ್ನು ಬಹಳ ಹೊತ್ತು ನೋಡಿದಳು. "ಇದನ್ನ ಎಲ್ಲೋ ನೋಡಿದ ಹಾಗಿದೆಯಲ್ರೀ."

"ಒಳ್ಳೆ ಕಲೆ ಅಂದ್ರೆ ಹಾಗೇ ಅನ್ನಿಸಬೇಕು," ಎಂದೆ.

ಕೆಲಸ ಮುಗಿಯಿತು. ನೀರಿನ ತೊಟ್ಟಿಯ ಮೇಲೆ ಗುಮ್ಮಟ, ಅದರ ಮುಂದೆ ಇಳಿಜಾರು ಹೆಂಚು, ಹೆಂಚಿನ ಕೆಳಗೆ ಅರಮನೆಯ ಜೋಡಿ ಕಂಬ, ನಟ್ಟನಡುವೆ ನನ್ನ ಕಿಟಕಿ. ಸಂಜೆಯ ಬೆಳಕಿನಲ್ಲಿ ನೋಡಿದರೆ ಮನೆ ಎಲ್ಲಿಗೋ ಹೊರಟು ನಿಂತ ಹಾಗೆ ಕಾಣುತ್ತಿತ್ತು. ನನಗೆ ನಿಜವಾಗಿಯೂ ಕಣ್ಣು ತುಂಬಿ ಬಂತು.

ಆದರೆ ಜನ ನಿಲ್ಲಲಿಲ್ಲ. ಕತ್ತೆತ್ತಿ ನೋಡಿದವರು ಹೆಜ್ಜೆ ಜೋರುಮಾಡಿದರು. ಎದುರುಮನೆ ವಕೀಲರು ಮಾತ್ರ ಬಂದು, ಕೆಲಸ ಅರ್ಧಕ್ಕೆ ನಿಂತುಹೋಯಿತೆ, ಮೇಸ್ತ್ರಿ ಮೋಸ ಮಾಡಿದನೆ, ಕೇಸು ಹಾಕೋಣವೆ ಎಂದು ಕಳಕಳಿಯಿಂದ ಕೇಳಿ ಹೋದರು. ಭಾವ ಸೋಮವಾರ ಬರುವುದು ಖಚಿತವಾಯಿತು. ಬಿಳಿ ಬಣ್ಣದ ಡಬ್ಬ ಆಗಲೇ ಬಂದು ಬಾಗಿಲ ಹಿಂದೆ ಕೂತಿತ್ತು. ನನಗೆ ಊಟ ಸೇರಲಿಲ್ಲ.

ಭಾನುವಾರ ಮಧ್ಯಾಹ್ನ ಕೊನೆಯದಾಗಿ ನನ್ನ ಕಿಟಕಿಯ ಹಿಂದೆ ಹೋಗಿ ಕೂತೆ. ಹೆಂಡತಿ ಅರಮನೆಯ ಕಂಬಗಳಿಗೆ ಹಗ್ಗ ಬಿಗಿದು ನೀಲಿ ಹೊದಿಕೆ ಒಣಹಾಕಿದ್ದಳು. ಬೇರೆ ದಿನವಾಗಿದ್ದರೆ ಜಗಳವಾಡುತ್ತಿದ್ದೆ. ಅವತ್ತು ಸುಮ್ಮನೆ ನೋಡಿದೆ. ಗಾಳಿಗೆ ಹೊದಿಕೆ ಉಬ್ಬುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಉಬ್ಬುತ್ತಿತ್ತು. ಸಂದಿನಿಂದ ಒದ್ದೆಬಟ್ಟೆಯ ತಂಪು ಬಂದು ಮುಖಕ್ಕೆ ತಾಗಿತು. ಕಣ್ಣು ಸ್ವಲ್ಪ ಸಣ್ಣದು ಮಾಡಿದರೆ ಅದು ಸಮುದ್ರವೇ. ನಾಳೆ ಏನಾದರೂ ಆಗಲಿ, ಇವತ್ತು ಕಂಡೆನಲ್ಲ ಎನ್ನಿಸಿತು.

"ಅಪ್ಪಾ, ಎಷ್ಟು ಚೆನ್ನಾಗಿದೆ ನೋಡು!"

ಪುಟ್ಟ ಹುಡುಗಿಯೊಬ್ಬಳ ಧ್ವನಿ. ಗೇಟಿನ ಹತ್ತಿರ ಅವಳು, ಅವಳ ಅಪ್ಪ, ಅಮ್ಮ, ಮೂವರೂ ನಿಂತಿದ್ದರು. ನಿಂತೇ ಇದ್ದರು.

"ಕೇಳಿಸ್ತಾ?" ಎಂದು ಒಳಗೆ ಕೂಗಿದೆ. ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಹಿಂದೆ ನಿಂತಳು.

ಆ ಅಪ್ಪ ಕೊಳವೆಗಳ ನಡುವೆ ನೇರವಾಗಿ ನಡೆದು, ಹೊದಿಕೆಯನ್ನು ಪಕ್ಕಕ್ಕೆ ಸರಿಸಿ, ಕಿಟಕಿಗೆ ಬಂದ. ಹೊಗಳಿಕೆಯನ್ನು ಯಾವ ಮುಖದಲ್ಲಿ ಸ್ವೀಕರಿಸಬೇಕೆಂದು ನಾನು ಸಿದ್ಧನಾಗುತ್ತಿದ್ದೆ. ಅರ್ಧಚಂದ್ರದ ಸಂದಿನೊಳಗೆ ನೋಟು ಹಿಡಿದ ಕೈಯೊಂದು ತೂರಿ ಬಂತು.

"ಎರಡು ಫುಲ್, ಒಂದು ಹಾಫ್."

ಸ್ವಾಮೀ, ಇದು ಮನೆ ಎಂದು ಹೇಳಬೇಕೆಂದಿದ್ದೆ. ಬಾಯಿ ತನ್ನಷ್ಟಕ್ಕೆ ತಾನೇ, "ಎಲ್ಲಿಗೆ?" ಎಂದಿತು.

ಆತ ತಬ್ಬಿಬ್ಬಾದ. "ಒಳಕ್ಕೆ... ಇದು ಮ್ಯೂಸಿಯಂ ಅಲ್ವಾ?"

ಮೊಣಕೈ ಕೆಳಗಿನ ಹಲಗೆ ನೋಡಿದೆ. ಸಂದು ನೋಡಿದೆ. ಎರಡು ಕೊಳವೆಗಳನ್ನೂ ನೋಡಿದೆ. ಲೋಕದ ಸೊಬಗನ್ನೆಲ್ಲ ಗುಡ್ಡೆಹಾಕಿ, ಅದರ ನಟ್ಟನಡುವೆ ನಾನು ನನ್ನ ಕೌಂಟರನ್ನೇ ಕಟ್ಟಿಸಿಕೊಂಡಿದ್ದೆ, ಒಂದಂಗುಲ ಹೆಚ್ಚುಕಮ್ಮಿಯಿಲ್ಲದೆ.

ಹೆಂಡತಿ ನಕ್ಕು ನಕ್ಕು ಗೋಡೆಗೆ ಒರಗಿದ್ದಳು. "ಎಲ್ಲಿ ನೋಡಿದ್ದೆ ಅಂತ ಈಗ ಹೊಳೀತು ಕಣ್ರೀ! ನೀವು ಡಬ್ಬಿ ಮರೆತು ಹೋದ ದಿನ ನಾನು ಬಂದು ನಿಮಗೆ ಊಟ ತೂರಿಸೋದು ಇಂಥಾ ಸಂದಿನಲ್ಲೇ ಅಲ್ವಾ?"

ಅವಳೇ ಬಾಗಿಲು ತೆಗೆದು, "ದುಡ್ಡು ಗಿಡ್ಡು ಏನೂ ಬೇಡ, ಒಳಗೆ ಬನ್ನಿ, ಕಾಫಿ ಕುಡಿದು ಹೋಗಿ," ಎಂದು ಅವರನ್ನು ಕರೆದಳು. ನನ್ನ ಕಡೆ ತಿರುಗಿ, "ಚೆನ್ನಾಗಿದೆ ಅಂದಿದ್ದು ಕೇಳಿಸ್ತು. ಗೆದ್ದಿರಿ. ಇರಲಿ ನಿಮ್ಮ ಕಿಟಕಿ," ಎಂದಳು.

ಗೆದ್ದವನಿಗೂ ಒಂದು ಲೋಟ ಕಾಫಿ ಸಿಗಬಹುದೆಂದು ನಾನು ಏಳಹೊರಟೆ.

"ನೀವೆಲ್ಲಿಗೆ ಎದ್ರಿ? ಹೊರಗೆ ನೋಡಿ."

ಕೊಳವೆಗಳ ನಡುವೆ ವೃದ್ಧ ದಂಪತಿ, ಅವರ ಹಿಂದೆ ಇನ್ಯಾರೋ. ಮುಂದೊಬ್ಬರು ನಿಂತಿದ್ದನ್ನು ನೋಡಿ ತಾವೂ ನಿಂತವರು.

"ಕೂತ್ಕೊಳ್ಳಿ. ಕಾಫಿ ಅಲ್ಲಿಗೇ ಕೊಡ್ತೀನಿ," ಎಂದು ಹೇಳಿ ಅವಳು ಹೊರಗೆ ಹೋದಳು. ಬಂದವರಿಗೆ ದಾರಿಯಾಗಲೆಂದು ಹಗ್ಗದ ಮೇಲಿನ ಹೊದಿಕೆ ಎಳೆದು, ಕೊಡವಿ, ನನ್ನ ಸಮುದ್ರವನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿಟ್ಟುಕೊಂಡು ಒಳಗೆ ನಡೆದಳು.

ನಾನು ಕೂತೆ. "ಮುಂದೆ ಯಾರು?" ಎಂದೆ.